ಧ್ವಜ ಹಿಡಿಯುವುದೂ ಒಂದು ವಿದ್ಯೆ

ಟೆಕ್ಸಸ್ ರಾಜ್ಯದ ಆಗಸ್ಟ್ ತಿಂಗಳ ಬಿಸಿಲು ನಮ್ಮ ರಾಯಚೂರಿನ ವೈಶಾಖಕ್ಕೂ ಕಡ ಕೊಡಬಲ್ಲಷ್ಟು ಸಿರಿವಂತವಾದುದು. ಮಗಳ ಮನೆಗೆಂದು ಹೋಗಿದ್ದ ನಾನು, ಆ ಬಿಸಿಲು ತುಸು ತಗ್ಗಿದ ಒಂದು ಸಂಜೆ, ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೊರಟ ಅಳಿಯನೊಡನೆ ಹೋದೆನು. ಕಾರು ನಿಲ್ಲಿಸುವ ವಿಸ್ತಾರವಾದ ಡಾಂಬರಿನ ಬಯಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು ಸಾಲಾಗಿ ನಿಂತು, ಆಳೆತ್ತರದ ಕೋಲುಗಳನ್ನು ಒಂದೇ ಸಮನೆ ತಿರುಗಿಸುತ್ತಿದ್ದರು. ಯಂತ್ರವೊಂದು ಟಿಕ್ ಟಿಕ್ ಎಂದು ಕಾಲವನ್ನು ಸಾರುತ್ತಿದ್ದಿತು. ಮಕ್ಕಳು ಒಂದರಿಂದ ಎಂಟರವರೆಗೆ ಎಣಿಸಿ ಮತ್ತೆ ಒಂದಕ್ಕೆ ಮರಳುತ್ತಿದ್ದರು. ನಾವು ಕಾದಿದ್ದ ಅರ್ಧ ಗಂಟೆಯೂ ಅದೊಂದೇ ತಿರುವು. ಸರಳೆ ವರಸೆಯ ಪುನರಾವೃತ್ತಿಯನ್ನು ಕೇಳುತ್ತ ಬೆಳೆದ ನನ್ನ ಕಿವಿಗೆ ಅದು ಅಪರಿಚಿತವೆನಿಸಲಿಲ್ಲ.

ಅಳಿಯನಿಗೆ ಮಾತ್ರ ಬೇಸರವಿದ್ದಿತು. “ನೋಡಿ ಮಾವ, ಐದು ವರ್ಷ ಪಿಟೀಲು ಕಲಿತವಳು, ಈಗ ಬಾವುಟ ಬೀಸೋದಕ್ಕೆ ಸೇರ್ಕೊಂಡಿದಾಳೆ. ಏನು ಹೇಳೋಣ ಹೇಳಿ?” ಎಂದನು. ಅಮೆರಿಕದಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಯು ಏಳುತ್ತಿರಬಹುದೆಂಬ ಊಹೆಯಿಂದ, ಅಂದು ಕಾರಿನಲ್ಲಿ ನನಗೆ ಹೊಳೆಯದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚಿಂಗ್ ಬ್ಯಾಂಡಿನೊಡನೆ ಧ್ವಜ, ಮರದ ರೈಫಲ್, ಸೇಬರ್ ಎಂಬ ಖಡ್ಗ ಇವುಗಳನ್ನು ಹಿಡಿದು ನರ್ತಿಸುವ ತಂಡಕ್ಕೆ ಅಲ್ಲಿಯವರು ಕಲರ್ ಗಾರ್ಡ್ ಎನ್ನುತ್ತಾರೆ. ಹೆಸರಿನಲ್ಲಿಯೇ ಅದರ ಪೂರ್ವವೃತ್ತಾಂತವಿದೆ. ತೋಪು ತುಪಾಕಿಗಳ ಹೊಗೆ ಕವಿದ ರಣಭೂಮಿಯಲ್ಲಿ ತನ್ನ ದಳವು ಎಲ್ಲಿದೆಯೆಂಬುದನ್ನು ಸೈನಿಕನಿಗೆ ದೂರದಿಂದ ತಿಳಿಸಬಲ್ಲದ್ದು ಎತ್ತಿ ಹಿಡಿದ ಧ್ವಜವಾಗಿದ್ದ ಕಾಲದಲ್ಲಿ, ಆ ಧ್ವಜವನ್ನು ಪ್ರಾಣಕ್ಕಿಂತ ಮಿಗಿಲೆಂದು ಕಾಯುತ್ತಿದ್ದ ಪಡೆಯೇ ಮೂಲದ ಕಲರ್ ಗಾರ್ಡ್. ಮೊದಲನೆಯ ಮಹಾಯುದ್ಧವು ಮುಗಿದ ತರುವಾಯ ಊರಿಗೆ ಮರಳಿದ ಅಮೆರಿಕದ ಯೋಧರು, ತಮ್ಮ ನಿವೃತ್ತ ಸೈನಿಕ ಸಂಘಗಳ ಆಶ್ರಯದಲ್ಲಿ ಡ್ರಮ್ಮು ಬ್ಯೂಗಲ್ಲುಗಳ ಮೇಳಗಳನ್ನು ಕಟ್ಟಿದಾಗ ಧ್ವಜಪಡೆಯೂ ಅವುಗಳೊಡನೆ ಹೆಜ್ಜೆ ಹಾಕಿತು. 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯು ಸ್ಥಾಪಿತವಾಗಿ ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿ ಮೊದಲ ಚಾಂಪಿಯನ್‌ಶಿಪ್ಪನ್ನು ನಡೆಸಿತು; 1977ರಲ್ಲಿ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ಎಂಬ ಇನ್ನೊಂದು ಸಂಸ್ಥೆಯು ಹುಟ್ಟಿ, ಚಳಿಗಾಲದಲ್ಲಿ ಬ್ಯಾಂಡಿನ ಹಂಗಿಲ್ಲದೆ, ಒಳಾಂಗಣದಲ್ಲಿ, ಧ್ವನಿಮುದ್ರಿತ ಸಂಗೀತಕ್ಕೆ ಈ ಕಲೆಯನ್ನು ಪ್ರದರ್ಶಿಸುವ ಸಂಪ್ರದಾಯವನ್ನು ಭದ್ರಗೊಳಿಸಿತು. ಕಾವಲಿಗೆಂದು ಬಂದವನು ಹೀಗೆ ನರ್ತಕನಾದನು.

ಉಪಕರಣಗಳ ವಿಷಯವು ಅತ್ಯಂತ ಸ್ವಾರಸ್ಯವಾದುದು. ಮನೆಗೆ ಬಂದ ಮೇಲೆ ಮೊಮ್ಮಗಳು ತನ್ನ ಕೋಲನ್ನು ನನ್ನ ಮಡಿಲಿಗಿಟ್ಟಳು. ಸುಮಾರು ಆರು ಅಡಿಯ, ಒಳಗೆ ಟೊಳ್ಳಾದ ಅಲ್ಯೂಮಿನಿಯಂ ಕೊಳವೆ. ಎರಡು ತುದಿಗೂ ರಬ್ಬರಿನ ಟೊಪ್ಪಿಗೆ. ಒಂದು ಟೊಪ್ಪಿಗೆಯನ್ನು ಕಿತ್ತು ತೋರಿಸಿದಳು: ಒಳಗೆ, ಬಡಗಿಯ ಪೆಟ್ಟಿಗೆಯಿಂದ ಜಾರಿ ಬಂದಂತೆ, ಒಂದು ಕಬ್ಬಿಣದ ಬೋಲ್ಟು. ಒಂದು ತುದಿಗೆ ಕಟ್ಟಿದ ಬಟ್ಟೆಯ ಭಾರವನ್ನೂ ಅದು ಹಿಡಿಯುವ ಗಾಳಿಯ ಸೆಳೆತವನ್ನೂ ಸರಿದೂಗಿಸಿ, ಕೋಲಿನ ಸಮತೋಲವನ್ನು ಕೈಗೆ ಒಗ್ಗಿಸುವುದಕ್ಕಾಗಿ ಮಾಡಿದ ಉಪಾಯವದು. ಬಟ್ಟೆಯನ್ನು ಕೋಲಿಗೆ ಬಿಗಿದಿದ್ದುದು ನಮ್ಮ ವೈರಿಂಗಿನವರು ತಂತಿಗೆ ಸುತ್ತುವ ಟೇಪು. ಹಿಡಿಯಬೇಕಾದ ಸ್ಥಳಗಳನ್ನು ಕೈಯು ತಾನಾಗಿ ಗುರುತಿಸಲೆಂದು, ನಡುವಿನಲ್ಲಿಯೂ ಬುಡದಲ್ಲಿಯೂ ಅದೇ ಟೇಪಿನ ಉಂಗುರಗಳು.

ರೈಫಲ್ ಎಂಬುದಾದರೂ ಗುಂಡು ಹಾರಿಸುವುದಲ್ಲ. ಮೂರಡಿಯಷ್ಟು ಉದ್ದದ ಮರದ ತುಂಡು, ಸೀಳದಂತೆ ಬಿಳಿಯ ಟೇಪನ್ನು ಸುತ್ತಿ, ಒಂದು ಪಟ್ಟಿಯನ್ನು ಬಿಗಿದದ್ದು. ಖಡ್ಗಕ್ಕೆ ಅಲಗುಂಟು, ಹರಿತವಿಲ್ಲ. ಕುಣಿಯುವ ಧ್ವಜವು ರಾಷ್ಟ್ರಧ್ವಜವೂ ಅಲ್ಲ. ಆ ವರ್ಷದ ಪ್ರದರ್ಶನದ ಭಾವಕ್ಕೆ ತಕ್ಕಂತೆ ಬಣ್ಣವಿಕ್ಕಿದ ನುಣುಪಾದ ಬಟ್ಟೆ. ಬಂದೂಕು ಕೊಲ್ಲುವುದನ್ನೂ, ಕತ್ತಿಯು ಕಡಿಯುವುದನ್ನೂ, ಪತಾಕೆಯು ಪಕ್ಷ ಹಿಡಿಯುವುದನ್ನೂ ಬಿಟ್ಟುಕೊಟ್ಟ ಮೇಲೆ ಉಳಿಯುವುದೇನು? ಭಾರ, ವೇಗ, ಕಾಲ. ಇವು ಮೂರನ್ನೂ ಅಂಕೆಯಲ್ಲಿಡಬೇಕಾದ ಒಂದು ಕೈ. ಕಲೆಗೆ ಇಷ್ಟು ಸಾಮಗ್ರಿ ಸಾಲದೆನ್ನುವವರು ಮೃದಂಗವೂ ಮೂಲತಃ ಮರ ಮತ್ತು ಚರ್ಮವೆಂಬುದನ್ನು ನೆನೆಯಬೇಕು.

ಈ ಕೈಯನ್ನು ಪಳಗಿಸುವ ಕ್ರಮವು ದೀರ್ಘವಾದುದು. ಮೊದಲು ದೇಹ: ಬ್ಯಾಲೆ ನೃತ್ಯದ ಮಂಡಿ ಬಾಗಿಸುವ, ಪಾದ ಚಾಚುವ ಅಭ್ಯಾಸಗಳು. ಅನಂತರ ಕೋಲು: ಡ್ರಾಪ್ ಸ್ಪಿನ್ ಎಂಬ ಮೂಲ ತಿರುವು, ಅದು ಬಲಕ್ಕೂ ಎಡಕ್ಕೂ ಸಮನಾಗುವವರೆಗೆ. ಅದಾದ ಮೇಲೆಯೇ ಟಾಸ್, ಎಂದರೆ ಮೇಲಕ್ಕೆ ಎಸೆದು ಹಿಡಿಯುವುದು. ರೈಫಲನ್ನು ಎಸೆದಾಗ ಅದು ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿತೆಂಬುದರ ಮೇಲೆ ಅದಕ್ಕೆ ಹೆಸರು: ಸಿಂಗಲ್, ಡಬಲ್, ಟ್ರಿಪಲ್, ಕ್ವಾಡ್, ನುರಿತವರು ಆರು ಸುತ್ತಿನವರೆಗೂ ಅದರಾಚೆಗೂ ಏರುತ್ತಾರೆ. ಎಸೆತದ ಎತ್ತರವೂ ತಿರುವಿನ ವೇಗವೂ ಒಂದಕ್ಕೊಂದು ಹೊಂದದಿದ್ದರೆ ಮರವು ಅಂಗೈಗೆ ಬರುವ ಬದಲು ಮಣಿಕಟ್ಟಿಗೆ ಬಡಿಯುತ್ತದೆ. ಮೊಮ್ಮಗಳ ಎಡ ಮಣಿಕಟ್ಟಿನಲ್ಲಿ ನೇರಳೆ ಹಣ್ಣಿನ ಬಣ್ಣದ ಒಂದು ಗುರುತಿದ್ದಿತು. ನಾನು ಕನಿಕರದಿಂದ ಮುಟ್ಟಲು ಹೋದರೆ ಅವಳು ಅದನ್ನು ಪದಕದಂತೆ ತೋರಿಸಿದಳು. ಹಿತ್ತಲ ಹುಲ್ಲಿನ ಮೇಲೆ ನನ್ನ ಕೈಗೂ ಕೋಲನ್ನು ಕೊಟ್ಟು, ಎರಡನೆಯ ತಿರುವಿಗೇ ಅದು ನೆಲ ಕಂಡಾಗ, “ತಾತ, ಕೋಲನ್ನ ನೋಡಬೇಡಿ, ಎಣಿಸಿ” ಎಂದಳು. ನಾಲ್ಕು ಅಕ್ಷರ ಬಲ್ಲೆನೆಂಬ ನನ್ನ ಹಮ್ಮು ಅಂದು ಹುಲ್ಲಿನ ಮೇಲೆ ಬಿದ್ದಿದ್ದ ಕೋಲಿನ ಪಕ್ಕದಲ್ಲಿಯೇ ಬಿದ್ದಿತು.

ಆಕ್ಷೇಪಗಳಿಲ್ಲವೆಂದಲ್ಲ. ಶಾಲೆಯ ಅಂಗಳದಲ್ಲಿ ಬಂದೂಕಿನ ಆಕಾರವೇಕೆಂದು ಕೇಳುವವರಿದ್ದಾರೆ. ಮಕ್ಕಳು ನಿಜವಾದ ಬಂದೂಕಿಗೆ ಬಲಿಯಾಗುತ್ತಿರುವ ದೇಶದಲ್ಲಿ ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು, ಮತ್ತು ಅದಕ್ಕಾಗಿಯೇ ಅಲಗಿನ ಆಕಾರದ ಬೇರೊಂದು ಉಪಕರಣವೂ ಬಳಕೆಗೆ ಬಂದಿದೆ. ವೆಚ್ಚದ ಮಾತು ಇನ್ನೂ ನ್ಯಾಯವಾದುದು. ವರ್ಷ ವರ್ಷವೂ ಹೊಸ ಬಟ್ಟೆ, ಹೊಸ ಉಡುಪು, ಒಳಾಂಗಣದ ನೆಲಕ್ಕೆ ಹಾಸುವ ಚಿತ್ರಿತವಾದ ಬೃಹತ್ ಹಾಸು, ಓಹಾಯೋದ ಡೇಟನ್ ನಗರದಂತಹ ದೂರದ ಸ್ಪರ್ಧಾಸ್ಥಳಕ್ಕೆ ಪ್ರಯಾಣ, ಇವೆಲ್ಲ ಸೇರಿ ಬಡ ಮನೆಯ ಮಗುವಿಗೆ ಬಾಗಿಲು ಮುಚ್ಚುವುದುಂಟು. ಆದರೆ ಆಡಂಬರದ ದೋಷವನ್ನು ವಿದ್ಯೆಯ ತಲೆಗೆ ಕಟ್ಟಬಾರದು. ನಾನು ಕಂಡ ಅರ್ಧ ಗಂಟೆಯ ಆ ಸಾಧನೆಗೆ ಬೇಕಾದದ್ದು ಒಂದು ಕೊಳವೆ, ಒಂದು ಬೋಲ್ಟು, ಒಂದು ಟೇಪು ಮತ್ತು ತಾಳ್ಮೆಯುಳ್ಳ ಒಬ್ಬ ಗುರು. ಇವುಗಳಲ್ಲಿ ದುರ್ಲಭವಾದುದು ಕಡೆಯದೊಂದೇ.

ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿ ಬಂದಿರುವುದೇ ಸೋಜಿಗ. ನಂದಿಧ್ವಜದ ಪೂಜೆಯಾಗದೆ ಮೈಸೂರಿನ ಜಂಬೂಸವಾರಿಯು ಹೊರಡುವುದಿಲ್ಲ; ಮೆರವಣಿಗೆಯ ಮುಂದೆ ಹೆಜ್ಜೆಯಿಡುವುದು ನಿಶಾನೆ ಆನೆ. ಹಿತ್ತಾಳೆಯ ಬಿಲ್ಲೆಗಳಿಂದ ಭಾರವಾದ ಎತ್ತರದ ನಂದಿಕೋಲಿನ ಬುಡವನ್ನು ಸೊಂಟಕ್ಕೆ ಆನಿಸಿ, ಕೈಬಿಟ್ಟು ಕುಣಿಯುವ ಕಲಾವಿದನನ್ನೂ, ಬಣ್ಣದ ವಸ್ತ್ರಗಳ ಬಿದಿರಿನ ಗಳುವನ್ನೆತ್ತಿ ಹೆಜ್ಜೆಗೂಡುವ ಪಟದ ಕುಣಿತದವರನ್ನೂ ಕಂಡ ನಾಡು, ಕೋಲು ಹೊರುವುದು ವಿದ್ಯೆಯಲ್ಲವೆಂದು ಹೇಗೆ ತಾನೇ ಹೇಳೀತು? ಆದರೂ ನಮ್ಮ ಶಾಲೆಗಳಲ್ಲಿ ಆಗುತ್ತಿರುವುದೇನು? ಪಥಸಂಚಲನಕ್ಕೆ ನಾಲ್ಕು ದಿನವಿರುವಾಗ ದೈಹಿಕ ಶಿಕ್ಷಕರು ಸಾಲಿನಲ್ಲಿ ಎತ್ತರವಾದವರನ್ನು ಆರಿಸಿ ಕೈಗೊಂದು ಬಾವುಟವನ್ನು ಕೊಡುತ್ತಾರೆ. ಡ್ರಮ್ಮು ಬಾರಿಸುವವನಿಗೆ ಅಭ್ಯಾಸವುಂಟು, ಧ್ವಜ ಹಿಡಿದವಳಿಗೆ ತೋಳುನೋವು ಮಾತ್ರ.

ಅಳಿಯನಿಗೆ ನಾನು ಹೇಳಬೇಕೆಂದಿರುವುದಿಷ್ಟು: ಮಗಳು ಪಿಟೀಲನ್ನು ಬಿಟ್ಟು ತಾಳವನ್ನು ಕಳೆದುಕೊಂಡಿಲ್ಲ, ಅದನ್ನು ಮೈಗೆ ತಂದುಕೊಳ್ಳುತ್ತಿದ್ದಾಳೆ, ಸ್ಪರ್ಧೆಯ ದಿನ ಮಾತ್ರವಲ್ಲ, ಅಭ್ಯಾಸದ ಸಂಜೆಯಲ್ಲಿಯೂ ಕಾರಿನಿಂದಿಳಿದು ಸ್ವಲ್ಪ ಹೊತ್ತು ನಿಂತು ನೋಡು. ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿಯೂ ಒಂದು ಅರಿಕೆಯುಂಟು. ಬರುವ ನವೆಂಬರ್ 1ರಂದು ಹಳದಿ ಕೆಂಪಿನ ಬಾವುಟಗಳ ಸಾಲು ಮೈದಾನಕ್ಕೆ ಇಳಿಯುವುದಕ್ಕೆ ಮುನ್ನ, ಆ ಮಕ್ಕಳಿಗೆ ಜೂನ್ ತಿಂಗಳಲ್ಲಿಯೇ ಬರಿಯ ಕೋಲನ್ನು ಕೊಟ್ಟು, ಊರಿನಲ್ಲಿ ನಂದಿಕೋಲು ಹೊರಬಲ್ಲ ಹಿರಿಯನೊಬ್ಬನಿದ್ದರೆ ಅವನನ್ನು ವಾರಕ್ಕೊಂದು ಸಂಜೆ ಕರೆಸಿ, ಒಂದರಿಂದ ಎಂಟರವರೆಗೆ ಎಣಿಸಲು ಕಲಿಸಲಿ. ಬಟ್ಟೆಯನ್ನು ಅಕ್ಟೋಬರಿನಲ್ಲಿ ಕಟ್ಟಿದರಾಯಿತು.