ಎರಡನೇ ಇಂಟರ್‌ವ್ಯೂಗೆ ಕೈಕಟ್ಟಿ ಹೋಗಬೇಡಿ, ಲೆಕ್ಕ ಹಾಕಿ ಹೋಗಿ

ಅಡಿಕೆ ಸ್ಯಾಂಪಲ್ ಒಯ್ದ ವ್ಯಾಪಾರಿ ವಾರ ಬಿಟ್ಟು ಮತ್ತೆ ಅಂಗಳಕ್ಕೆ ಬಂದನೆಂದರೆ ಏನರ್ಥ? ಮಾಲು ಹಿಡಿಸಿದೆ ಎಂದರ್ಥ. ಆಗ ಮನೆಯ ಯಜಮಾನರು ಕೈಮುಗಿದು ‘ನೀವು ಕೊಟ್ಟಷ್ಟು ಕೊಡಿ ಸ್ವಾಮಿ’ ಅನ್ನುತ್ತಾರಾ? ಇಲ್ಲ. ದರ ಕೇಳುತ್ತಾರೆ. ತೂಕ ಯಾರ ತಕ್ಕಡಿಯಲ್ಲಿ ಅಂತ ಕೇಳುತ್ತಾರೆ. ದುಡ್ಡು ಯಾವತ್ತು ಕೈಗೆ ಬರುತ್ತೆ ಅಂತಲೂ ಕೇಳುತ್ತಾರೆ. ಅದೇ ಮನೆಯ ಮಗನೋ ಮಗಳೋ ಎರಡನೇ ಸುತ್ತಿನ ಇಂಟರ್‌ವ್ಯೂಗೆ ಹೊರಟಾಗ ಮಾತ್ರ ಇಡೀ ಊರು ಒಂದೇ ಬುದ್ಧಿ ಹೇಳುತ್ತದೆ: ‘ಏನೂ ಕೇಳಬೇಡ, ಎಲ್ಲದಕ್ಕೂ ಹೂಂ ಅಂದುಬಿಡು.’

ಈ ಬುದ್ಧಿಮಾತು ನಮ್ಮ ಹುಡುಗರನ್ನು ಅಗ್ಗಕ್ಕೆ ಮಾರುತ್ತಿದೆ. ನಮ್ಮ ಬಳಗದ ವಾದ ಇಷ್ಟೇ: ಎರಡನೇ ಇಂಟರ್‌ವ್ಯೂ ಅಂದರೆ ಇನ್ನೊಂದು ಪರೀಕ್ಷೆ ಮಾತ್ರವಲ್ಲ, ಅದು ಮಾತುಕತೆ. ಅವರು ನಿಮ್ಮನ್ನು ಅಳೆಯುವಂತೆ ನೀವೂ ಅವರನ್ನು ಅಳೆಯಬೇಕು.

ತಯಾರಿ ಹೆಸರಲ್ಲಿ ಈಗ ನಡೆಯುತ್ತಿರುವುದು ಏನು? ಮೊಬೈಲಿನಲ್ಲಿ ಹತ್ತು ವಿಡಿಯೊ ನೋಡಿ, ‘ನಿಮ್ಮ ಬಗ್ಗೆ ಹೇಳಿ’ ಅನ್ನುವ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಉತ್ತರ ಬಾಯಿಪಾಠ ಮಾಡುವುದು. ಆ ಪ್ರಶ್ನೆ ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ. ಎರಡನೇ ಸುತ್ತಿನಲ್ಲಿ ಎದುರು ಕೂರುವವರು ಸಾಮಾನ್ಯವಾಗಿ ನಿಮ್ಮಿಂದ ದಿನಾ ಕೆಲಸ ಮಾಡಿಸಿಕೊಳ್ಳಬೇಕಾದ ಮ್ಯಾನೇಜರು. ಅವರಿಗೆ ಬೇಕಿರುವುದು ಒಂದೇ: ಈ ಮನುಷ್ಯ ಕೆಲಸ ನಿಭಾಯಿಸುತ್ತಾನಾ, ನಾಲ್ಕು ದಿನಕ್ಕೆ ಬಿಟ್ಟು ಓಡುತ್ತಾನಾ?

ಅದಕ್ಕೆ ಉತ್ತರ ನಮ್ಮ ಊರಲ್ಲೇ ಇದೆ. ಹಾಲಿನ ಡೇರಿಯಲ್ಲಿ ಬೆಳಗ್ಗೆ ಸಂಜೆ ಫ್ಯಾಟ್ ನೋಡಿ ರಿಜಿಸ್ಟರ್ ಬರೆದಿದ್ದೀರಾ? ಅದು ಗುಣಮಟ್ಟ ಪರೀಕ್ಷೆ, ಅದು ಲೆಕ್ಕ. ಅಮ್ಮನ ಸ್ವಸಹಾಯ ಸಂಘದ ಸಾಲದ ಪುಸ್ತಕ ಬರೆದುಕೊಟ್ಟಿದ್ದೀರಾ? ಸಾಲ ಕೊಡುವ ಕಂಪನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂಥ ಮೂರು ಕೆಲಸಗಳನ್ನು ಆರಿಸಿಕೊಳ್ಳಿ. ತೊಂದರೆ ಏನು ಬಂತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು ಅನ್ನುವುದನ್ನು ನಿಮ್ಮ ಮಾತಿನಲ್ಲೇ ಹೇಳಿ ಅಭ್ಯಾಸ ಮಾಡಿ. ಮೊದಲ ಸುತ್ತಿನಲ್ಲಿ ಏನು ಕೇಳಿದರು, ನೀವೇನು ಹೇಳಿದಿರಿ ಅಂತ ಅದೇ ದಿನ ಬರೆದಿಟ್ಟುಕೊಳ್ಳಿ. ಅಲ್ಲೊಂದು ಇಲ್ಲೊಂದು ಹೇಳಿದರೆ ನಂಬಿಕೆ ಅಲ್ಲೇ ಹೋಗುತ್ತದೆ.

ಇನ್ನು ದುಡ್ಡಿನ ಮಾತು. ‘ವರ್ಷಕ್ಕೆ 2.4 ಲಕ್ಷ ಸಿಟಿಸಿ’ ಅಂದ ಕೂಡಲೇ ಮನೆಯವರು ತಿಂಗಳಿಗೆ 20 ಸಾವಿರ ಅಂದುಕೊಳ್ಳುತ್ತಾರೆ. ಸಿಟಿಸಿ ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ದುಡ್ಡಲ್ಲ. ಮೂಲವೇತನ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಕಂಪನಿ ಪಾಲು ಶೇ 12, ಅಂದರೆ 1,200. ನಿಮ್ಮ ಪಾಲೂ ಅಷ್ಟೇ, ಇನ್ನೊಂದು 1,200. ಸಂಬಳ 21 ಸಾವಿರದೊಳಗಿದ್ದು ಇಎಸ್‌ಐ ಇದ್ದರೆ ಕಂಪನಿಯದು ಶೇ 3.25, ನಿಮ್ಮದು ಶೇ 0.75. ಹಲವು ಕಂಪನಿಗಳು ಗ್ರಾಚ್ಯುಟಿಯನ್ನೂ ಇದರಲ್ಲೇ ಸೇರಿಸುತ್ತವೆ. ಎಲ್ಲ ಕಳೆದರೆ ಕೈಗೆ ಸಿಗುವುದು 16 ಸಾವಿರದ ಚಿಲ್ಲರೆ. ಪಿಎಫ್ ನಿಮ್ಮದೇ ಉಳಿತಾಯ, ಅದು ಕಳೆದುಹೋಗುವುದಿಲ್ಲ, ನಿಜ. ಆದರೆ ಪಿಜಿ ಬಾಡಿಗೆ, ಊಟ, ಬಸ್ಸು, ಊರಿಗೆ ಕಳಿಸುವುದು ಎಲ್ಲ ಆ 16 ಸಾವಿರದಲ್ಲೇ ಆಗಬೇಕು. ಹಾಗಾಗಿ ‘ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ಸರ್?’ ಅಂತ ಕೇಳುವುದು ದುರಾಸೆಯಲ್ಲ. ಅದು ಬದುಕಿನ ಲೆಕ್ಕ.

ಬಾಂಡ್ ಬಗ್ಗೆಯೂ ಕೇಳಲೇಬೇಕು. ‘ಬಾಂಡ್‌ಗೆಲ್ಲ ಬೆಲೆ ಇಲ್ಲ, ಸೈನ್ ಹಾಕು’ ಅನ್ನುವವರು ಊರಿಗೊಬ್ಬರಿದ್ದಾರೆ. ಅವರ ಮಾತು ನಂಬಬೇಡಿ. ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ಅಧಿಕಾರಿ ಹುದ್ದೆಯ ವಿಷಯ, ಎಲ್ಲ ಬಾಂಡೂ ಹಾಗೇ ನಿಲ್ಲುತ್ತದೆ ಎಂದಲ್ಲ. ಆದರೂ ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಓದದೆ ಸಹಿ ಹಾಕಬೇಡಿ. ಅಸಲಿ ಮಾರ್ಕ್ಸ್ ಕಾರ್ಡ್ ತೋರಿಸಿ, ಇಟ್ಟುಬರಬೇಡಿ. ಎರಡನೇ ಸುತ್ತಿನ ಹೆಸರಲ್ಲಿ ಟ್ರೇನಿಂಗ್ ಫೀಸು, ಡಿಪಾಸಿಟ್ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆನ್‌ಲೈನ್‌ನಲ್ಲಿ ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ‘ಮದುವೆ ಯಾವಾಗಮ್ಮ?’ ಹುಡುಗರಿಗೆ ಕೇಳದ ಪ್ರಶ್ನೆ ಇವರಿಗೆ ಯಾಕೆ? ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಾನೂನು ಬಿಚ್ಚಿ ಜಗಳವಾಡಲು ಇಂಟರ್‌ವ್ಯೂ ಜಾಗವಲ್ಲ ಅನ್ನುವುದು ನಮಗೂ ಗೊತ್ತು. ‘ಈ ಕೆಲಸಕ್ಕೆ ಬೇಕಾದ ಸಮಯ ನಾನು ಕೊಡುತ್ತೇನೆ ಸರ್’ ಅಂದು ಮಾತು ಕೆಲಸದ ಕಡೆಗೆ ತಿರುಗಿಸಿ. ಆದರೆ ಆ ಪ್ರಶ್ನೆ ಕೇಳುವುದೇ ತಪ್ಪು ಅನ್ನುವುದು ಮನಸ್ಸಿನಲ್ಲಿರಲಿ.

ಕಂಪನಿಗಳಿಗೂ ನಾವು ಒಂದು ಮಾತು ಕೇಳಬೇಕಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅರ್ಧ ಗಂಟೆ ಮಾತಾಡಲು ಒಬ್ಬ ಹುಡುಗ ಎರಡು ರಾತ್ರಿ ಪ್ರಯಾಣ ಮಾಡಬೇಕು, ಕೂಲಿ ಕಳೆದುಕೊಳ್ಳಬೇಕು, ಟಿಕೆಟ್ಟಿಗೆ ಸಾಲ ಮಾಡಬೇಕು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಉಳಿದಿದೆ. ಆದರೆ ಸ್ಲೀಪರ್ ಬಸ್ಸಿಗೆ ಅದು ಅನ್ವಯಿಸದು, ಊಟ, ಉಳಿದುಕೊಳ್ಳುವ ಖರ್ಚಂತೂ ಇದ್ದೇ ಇದೆ. ಕೇಂದ್ರ ಸರ್ಕಾರವೇ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಇಂಟರ್‌ವ್ಯೂ ಕೈಬಿಟ್ಟಿತು. ಹಾಗಿರುವಾಗ ಸಣ್ಣ ಸಂಬಳದ ಕೆಲಸಕ್ಕೆ ಎರಡೆರಡು ಸಲ ರಾಜಧಾನಿಗೆ ಓಡಿಸುವುದು ಯಾವ ನ್ಯಾಯ?

‘ಮುಖ ನೋಡದೆ ಹೇಗೆ ಕೆಲಸ ಕೊಡೋದು?’ ಅನ್ನಬಹುದು. ಒಪ್ಪುತ್ತೇವೆ, ಕೆಲವು ಕೆಲಸಕ್ಕೆ ಎದುರಾಬದುರು ಕೂತು ನೋಡಲೇಬೇಕು. ಹಾಗಾದರೆ ಹೋಗಿಬರುವ ಖರ್ಚು ಕೊಡಿ. ಇಲ್ಲದಿದ್ದರೆ ವಿಡಿಯೊ ಕರೆಯಲ್ಲಿ ಮುಗಿಸಿ. ಕರೆಯುವ ಮೊದಲೇ ಸಂಬಳ ಎಷ್ಟು, ಬಾಂಡ್ ಇದೆಯಾ ಅಂತ ಮೆಸೇಜಿನಲ್ಲಿ ತಿಳಿಸಿ. ಗೆಳೆಯರೇ, ನೀವೂ ಬಸ್ಸು ಹತ್ತುವ ಮುಂಚೆ ಇದನ್ನೇ ಫೋನಿನಲ್ಲಿ ಕೇಳಿ. ಮರ್ಯಾದೆಯಿಂದ ಕೇಳಿ, ಆದರೆ ಕೇಳಿ.

‘ಇಷ್ಟೆಲ್ಲ ಕೇಳಿದರೆ ಕೆಲಸ ಕೈತಪ್ಪುತ್ತೆ’ ಅನ್ನುವ ಭಯ ಸುಳ್ಳಲ್ಲ. ಕೆಲವು ಕಡೆ ತಪ್ಪಲೂಬಹುದು. ಆದರೆ ಸಂಬಳ ಎಷ್ಟೆಂದು ಹೇಳಲು ಒಪ್ಪದ ಕಂಪನಿ ಅದನ್ನು ಸರಿಯಾಗಿ ಕೊಡುತ್ತದೆ ಅನ್ನುವುದಕ್ಕೆ ಏನು ಗ್ಯಾರಂಟಿ? ಪಿಜಿಗೆ ಅಡ್ವಾನ್ಸ್ ಕಟ್ಟಿ, ಊರಲ್ಲಿದ್ದ ಸಣ್ಣ ಕೆಲಸವನ್ನೂ ಬಿಟ್ಟು ಹೋದ ಮೇಲೆ ನಿಜ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲು.

ಅಪ್ಪ ಅಮ್ಮಂದಿರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಹೊರಟಾಗ ‘ಏನೂ ಕೇಳಬೇಡ’ ಅನ್ನಬೇಡಿ. ‘ಎಲ್ಲ ಕೇಳಿಕೊಂಡು ಬಾ’ ಅನ್ನಿ. ಅಡಿಕೆಗೆ ದರ ಕೇಳುವ ನಾವು ಮಕ್ಕಳ ದುಡಿಮೆಗೂ ದರ ಕೇಳೋಣ.