ಬೋರ್ಡಿಗಿಂತ ಮೊದಲು ಬೀರು

ಜಿಗಣಿ ಸುತ್ತಲಿನ ಬಡಾವಣೆಗಳಲ್ಲಿ ಗೇಟಿಗೆ ತಂತಿಯಲ್ಲಿ ಬಿಗಿದ ‘ಮನೆ ಮಾರಾಟಕ್ಕಿದೆ’ ಬೋರ್ಡುಗಳಿಗೆ ಬರವಿಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾದ ಮೇಲೆ ಆನೇಕಲ್ ತಾಲ್ಲೂಕಿನ ಈ ಭಾಗದ ಮೇಲೆ ಕೊಳ್ಳುವವರ ಕಣ್ಣು ಇನ್ನಷ್ಟು ಬಿದ್ದಿದೆ. ಮಾರುವವರಿಗೆ ಚದರಡಿಯ ದರ ಬಾಯಿಪಾಠ. ಬೋರ್‌ವೆಲ್ಲಿನ ಆಳ, ಮೆಟ್ರೊ ನಿಲ್ದಾಣಕ್ಕಿರುವ ದೂರ, ಬಾಗಿಲು ಯಾವ ದಿಕ್ಕಿಗಿದೆ ಎಂಬುದೆಲ್ಲ ಕೇಳುವ ಮೊದಲೇ ಹೇಳುತ್ತಾರೆ. ‘ಮೂಲ ಪತ್ರ ಎಲ್ಲಿದೆ? ಇ.ಸಿ. (ಋಣಭಾರ ಪತ್ರ) ತೆಗೆಸಿದ್ದು ಯಾವಾಗ?’ ಎಂದು ಕೇಳಿದರೆ ಮಾತ್ರ ಮಾತು ತಡವರಿಸುತ್ತದೆ. ‘ಎಲ್ಲ ಬೀರುವಿನಲ್ಲಿದೆ, ಅಡ್ವಾನ್ಸ್ ಆಗಲಿ, ತೋರಿಸೋಣ.’

ಕಾಗದ ಪರಿಶೀಲಿಸುವುದು ಕೊಳ್ಳುವವರ ಮತ್ತು ಅವರ ವಕೀಲರ ಕೆಲಸ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಾನೂನು ಹಾಗೆ ಹೇಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರ ಹೊಣೆಯನ್ನು ಮೊದಲಿಗೇ ಇಡುತ್ತದೆ. ಸ್ವತ್ತಿನಲ್ಲಿ ಅಥವಾ ಅದರ ಹಕ್ಕಿನಲ್ಲಿ ತನಗೆ ಗೊತ್ತಿರುವ, ಕೊಳ್ಳುವವರಿಗೆ ಸುಲಭವಾಗಿ ಗೊತ್ತಾಗದ ದೋಷವಿದ್ದರೆ ಮಾರುವವನು ಅದನ್ನು ತಿಳಿಸಬೇಕು. ಕೇಳಿದಾಗ ತನ್ನ ಬಳಿಯಿರುವ ಹಕ್ಕುಪತ್ರಗಳನ್ನೆಲ್ಲ ಪರಿಶೀಲನೆಗೆ ಒದಗಿಸಬೇಕು. ಸುಮಾರು ಒಂದೂವರೆ ಶತಮಾನದಿಂದ ಇರುವ ಈ ಹೊಣೆಯನ್ನು ಮನೆ ಮಾರುವವರು ದಲ್ಲಾಳಿಯ ಹೆಗಲಿಗೆ ಹಾಕಿ ಕೂರುವುದು ಇನ್ನಾದರೂ ನಿಲ್ಲಬೇಕು.

ಜಿಗಣಿಯಂಥ ಊರಿನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಇಲ್ಲಿನ ಮನೆಯ ಕಾಗದವೆಂದರೆ ಹೊಲದ ಕಾಗದವೂ ಹೌದು. ಕೆಐಎಡಿಬಿ ಕೈಗಾರಿಕಾ ಪ್ರದೇಶ ಬಂತು, ಗ್ರಾನೈಟ್ ಪಾಲಿಶ್ ಮಾಡುವ ಘಟಕಗಳು ಬಂದವು, ಕೆಲಸಗಾರರು ಬಂದರು. ರಾಗಿ ಬೆಳೆಯುತ್ತಿದ್ದ ಸರ್ವೆ ನಂಬರುಗಳು ಮೂವತ್ತು–ನಲವತ್ತರ ಸೈಟುಗಳಾದವು. ಕೆಲವು ಭೂಪರಿವರ್ತನೆಯಾಗಿ, ಆನೇಕಲ್ ಯೋಜನಾ ಪ್ರಾಧಿಕಾರದ ನಕ್ಷೆ ಪಡೆದು ಆದವು. ಕೆಲವಕ್ಕೆ ಪಂಚಾಯ್ತಿ ಖಾತೆಯೊಂದೇ ಆಧಾರ. ಆಮೇಲೆ ಪಂಚಾಯ್ತಿಯೂ ಹೋಗಿ ಪುರಸಭೆ ಬಂತು. ಹೀಗೆ ಒಂದೇ ಮನೆಯ ಹಿಂದೆ ಪಹಣಿ, ಪರಿವರ್ತನೆ ಆದೇಶ, ಪಂಚಾಯ್ತಿಯ ನಮೂನೆ 9 ಮತ್ತು 11, ಪುರಸಭೆಯ ಇ–ಖಾತೆ ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ನಡುವಿನದೊಂದು ಕೊಂಡಿ ಕಳಚಿದ್ದರೂ ಅದು ಬಯಲಾಗುವುದು ಗಿರಾಕಿ ಬ್ಯಾಂಕಿಗೆ ಗೃಹಸಾಲದ ಅರ್ಜಿ ಹಾಕಿದಾಗ.

ಇ–ಖಾತೆಯ ಮಾತನ್ನೇ ಮೊದಲು ಎತ್ತಬೇಕು. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ ಪ್ರದೇಶಗಳಲ್ಲಿ ಇ–ಖಾತೆ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ನೋಂದಣಿ ಮಾಡುವ ಕಾವೇರಿ 2.0 ತಂತ್ರಾಂಶ ಮಾಲೀಕರ ಹೆಸರು, ಅಳತೆಗಳನ್ನು ಇ–ಖಾತೆಯ ದತ್ತಾಂಶದಿಂದಲೇ ಎತ್ತಿಕೊಳ್ಳುತ್ತದೆ. ಕ್ರಯಪತ್ರದಲ್ಲಿ ‘ರಾಮಯ್ಯ’, ಆಧಾರ್‌ನಲ್ಲಿ ‘ರಾಮಣ್ಣ’ ಎಂದಿದ್ದರೆ ಹಿಂದೆ ಪತ್ರ ಬರಹಗಾರರು ‘ಉರುಫ್’ ಸೇರಿಸಿ ದಾಟಿಸುತ್ತಿದ್ದರು. ಯಂತ್ರ ಅಷ್ಟು ಸಲೀಸಾಗಿ ಒಪ್ಪದು. ಇ–ಖಾತೆಗೆ ಕೇಳುವ ಕ್ರಯಪತ್ರ, ಋಣಭಾರ ಪತ್ರ, ಕಂದಾಯ ರಸೀದಿ, ಸ್ವತ್ತಿನ ಹಾಗೂ ಮಾಲೀಕರ ಭಾವಚಿತ್ರ, ಗುರುತಿನ ಚೀಟಿ ಇವು ಮನೆಯಲ್ಲೇ ಸಿಗುವಂಥವು. ಸಮಯ ಹಿಡಿಯುವುದು ಅವುಗಳೊಳಗಿನ ತಪ್ಪು ತಿದ್ದಿಸಲು. ಅನಧಿಕೃತ ಬಡಾವಣೆಯ ಸ್ವತ್ತುಗಳಿಗೆ ಬಿ ಖಾತೆ ಕೊಡುವ ಅಭಿಯಾನವನ್ನು ಸರ್ಕಾರ 2025ರ ಆರಂಭದಲ್ಲಿ ರಾಜ್ಯದ ಪಟ್ಟಣಗಳಿಗೂ ವಿಸ್ತರಿಸಿತು. ಬಿ ಖಾತೆ ಇದ್ದವರು ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಬೇಕು. ಮುಚ್ಚಿಟ್ಟು ಅಡ್ವಾನ್ಸ್ ಪಡೆದು, ಬ್ಯಾಂಕು ಸಾಲ ನಿರಾಕರಿಸಿದ ಮೇಲೆ ಆ ಹಣ ಹಿಂದಿರುಗಿಸಲು ಪರದಾಡುವುದು ಎರಡೂ ಮನೆಗಳ ನೆಮ್ಮದಿ ಕೆಡಿಸುತ್ತದೆ.

ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂಬುದನ್ನೂ ಮತ್ತೆ ಮತ್ತೆ ಹೇಳಬೇಕಾಗಿದೆ. ಖಾತೆ ತೆರಿಗೆಯ ಲೆಕ್ಕ. ಹಕ್ಕು ಹುಟ್ಟುವುದು ನೋಂದಾಯಿತ ಕ್ರಯ, ದಾನ, ವಿಭಾಗ ಪತ್ರಗಳಿಂದ ಅಥವಾ ವಾರಸುದಾರಿಕೆಯಿಂದ. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಸೈಟು ‘ಕೊಂಡವರು’ ಈ ಭಾಗದಲ್ಲಿ ಇನ್ನೂ ಇದ್ದಾರೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್ 11ರಂದೇ ಅಂಥ ವ್ಯವಹಾರದಿಂದ ಹಕ್ಕು ವರ್ಗವಾಗದು ಎಂದು ತೀರ್ಪಿತ್ತಿದೆ. ಹಾಗೆ ಪಡೆದವರು ಮಾರುವ ಯೋಚನೆಗೆ ಮೊದಲು ಮೂಲ ಮಾಲೀಕರನ್ನೋ ಅವರ ವಾರಸುದಾರರನ್ನೋ ಹುಡುಕಿ ನೋಂದಾಯಿತ ಕ್ರಯಪತ್ರ ಮಾಡಿಸಿಕೊಳ್ಳಬೇಕು. ವರ್ಷ ಕಳೆದಂತೆಲ್ಲ ಸಹಿ ಹಾಕಬೇಕಾದವರ ಪಟ್ಟಿ ಉದ್ದವಾಗುತ್ತದೆ.

ಸಹಿಯ ಮಾತು ಬಂದಾಗ ಹೆಣ್ಣುಮಕ್ಕಳ ವಿಷಯ ಬಿಡುವಂತಿಲ್ಲ. ಜಿಗಣಿಯ ಒಂದು ಮನೆಯ ಯಜಮಾನರು ವಿಲ್ ಬರೆಯದೆ ತೀರಿಕೊಂಡರು, ಖಾತೆ ಹಿರಿಮಗನ ಹೆಸರಿಗಾಯಿತು ಎಂದುಕೊಳ್ಳೋಣ. ಮಗ ಮನೆ ಮಾರಲು ಹೊರಟಾಗ ‘ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎನ್ನುತ್ತಾನೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆಯ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿಕೊಂಡವರ ತಾಯಿ ಎಲ್ಲರೂ ಸಮಾನ ವಾರಸುದಾರರು. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತ್ತು. ದೇಶ ಆ ದಾರಿ ಹಿಡಿದದ್ದು 2005ರಲ್ಲಿ. ಆದ್ದರಿಂದ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಮಾಡಿಸಿ, ಅಕ್ಕತಂಗಿಯರನ್ನು ಕೂರಿಸಿ ಮಾತಾಡಿ, ಅವರ ಪಾಲು ಕೊಟ್ಟೋ ಅವರೇ ಮನಸಾರೆ ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಪಡೆದೋ ಮುಂದುವರಿಯಬೇಕು. ನೋಂದಣಿಯ ಹಿಂದಿನ ರಾತ್ರಿ ಆಟೊ ಕಳಿಸಿ ಕರೆಸಿ ಸಹಿ ಹಾಕಿಸುವುದು ಮರ್ಯಾದೆಯಲ್ಲ. ಅಪ್ರಾಪ್ತ ಮಕ್ಕಳ ಸ್ವಂತ ಪಾಲಿದ್ದರೆ ತಂದೆತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಇದಕ್ಕೆಲ್ಲ ತಿಂಗಳುಗಳೇ ಬೇಕು.

ಋಣಭಾರ ಪತ್ರ ಕಾವೇರಿಯಲ್ಲಿ ಮನೆಯಲ್ಲೇ ಕುಳಿತು ಸಿಗುತ್ತದೆ. ಆದರೆ ಅದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಸೂಚಿ ಪುಸ್ತಕಗಳನ್ನು ಹುಡುಕಿಸಬೇಕು. ಪಂಚಾಯ್ತಿ ಕಾಲದ ಸಂಖ್ಯೆ ಒಂದು, ಪುರಸಭೆಯದು ಇನ್ನೊಂದು, ಮೂಲ ಸರ್ವೆ ನಂಬರ್ ಮತ್ತೊಂದು. ಒಂದರಲ್ಲಿ ಮಾತ್ರ ಹುಡುಕಿದರೆ ಉಳಿದವುಗಳಡಿ ದಾಖಲಾದ ವ್ಯವಹಾರ ಕಣ್ಣು ತಪ್ಪಬಹುದು. ಮೂಲ ಜಮೀನಿನ ಪಹಣಿಯ ಹಕ್ಕು–ಋಣಗಳ ಕಾಲಂ ಕೂಡ ಓದಬೇಕು, ಏಕೆಂದರೆ ಕೈಗಾರಿಕೆಗೆ ಭೂಸ್ವಾಧೀನದ ಅಧಿಸೂಚನೆ ಆಗಿದ್ದರೆ ಅದರ ಸುಳಿವು ಅಲ್ಲಿರಬಹುದು. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ, ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲ ಎಂದಿದೆ. ಮಂಜೂರಾತಿ ಜಮೀನಿನ ಮೇಲೆ ಗೊತ್ತಿಲ್ಲದೆ ಮನೆ ಕಟ್ಟಿದವರಿಗೆ ಇದು ಭಯ ಹುಟ್ಟಿಸುವ ಸಂಗತಿ, ನಿಜ. ಆದರೆ ಆ ಕಾಯ್ದೆ ಬಂದದ್ದು ಭೂಮಿ ಕಳೆದುಕೊಂಡ ಬಡವರ ಸಲುವಾಗಿ. ಅವರ ಹಕ್ಕು ಮೊದಲಿನದು.

ಸಾಲ ತೀರಿಸಿದ್ದೇನೆ ಎನ್ನುವವರು ಇ.ಸಿ.ಯಲ್ಲಿ ಅಡಮಾನ ಇನ್ನೂ ಉಳಿದಿದೆಯೇ ನೋಡಿಕೊಳ್ಳಬೇಕು. ಕಂತು ಮುಗಿದರೂ ಬಿಡುಗಡೆ ನೋಂದಣಿಯಾಗದಿದ್ದರೆ ಹಳೆಯ ಸಾಲ ಅಲ್ಲೇ ಕುಳಿತಿರುತ್ತದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಉಪನೋಂದಣಾಧಿಕಾರಿ ಇದೆಲ್ಲ ನೋಡಿ ಒಪ್ಪಿಯೇ ಮೊಹರು ಒತ್ತುತ್ತಾರೆ ಎಂದು ನಂಬಿದವರಿದ್ದಾರೆ. ಹಕ್ಕಿನ ಸತ್ಯಾಸತ್ಯ ತೀರ್ಮಾನಿಸುವುದು ಅವರ ಕೆಲಸವಲ್ಲ ಎಂದು ತಮಿಳುನಾಡಿನ ನಿಯಮವೊಂದನ್ನು ರದ್ದುಗೊಳಿಸುತ್ತಾ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಅತ್ತ ಕೊಳ್ಳುವವರ ಹೊರೆ ಕಡಿಮೆಯೇನಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಪಟ್ಟಣದಲ್ಲಿ 80 ಲಕ್ಷದ ಮನೆಗೆ ಈ ಶುಲ್ಕದ ಜೊತೆ ಶೇ 5ರ ಮುದ್ರಾಂಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ 6 ಲಕ್ಷ 8 ಸಾವಿರ ರೂಪಾಯಿ ಆಗುತ್ತದೆ. ಅಷ್ಟು ತೆರುವವರು ಕಾಗದ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ಮುನಿಸಿಕೊಳ್ಳುವುದು ತರವಲ್ಲ.

ಸರ್ಕಾರಕ್ಕೂ ಇದರಲ್ಲಿ ಪಾಲಿದೆ. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು ಹೆಸರಿನ ಒಂದಕ್ಷರ ತಿದ್ದಿಸಲು ಪುರಸಭೆ, ಉಪನೋಂದಣಿ ಕಚೇರಿ, ಆನೇಕಲ್‌ನ ತಾಲ್ಲೂಕು ಕಚೇರಿ ಎಂದು ದಿನಗೂಲಿ ಬಿಟ್ಟು ಅಲೆಯಬಾರದು. ಪ್ರತಿ ಶನಿವಾರ ಜಿಗಣಿಯಲ್ಲೇ ಈ ಮೂರೂ ಕಚೇರಿಯವರು ಒಂದೇ ಮೇಜಿನ ಹಿಂದೆ ಕುಳಿತು, ಅರ್ಜಿ ಪಡೆದು, ಯಾವ ಕಾಗದ ಕಡಿಮೆ ಇದೆ ಎಂದು ಅಲ್ಲೇ ಬರೆದು ಕೊಡುವ ಏರ್ಪಾಡಾದರೆ ಬಹಳಷ್ಟು ಮನೆಗಳ ಕಡತ ಬೋರ್ಡು ಏರುವ ಮೊದಲೇ ಸರಿಹೋದೀತು.