ಶಿಕ್ಷೆಯೋ, ಚಿಕಿತ್ಸೆಯೋ?

ಮಾದಕ ವಸ್ತುಗಳ ಪಿಡುಗನ್ನು ತಡೆಯುವ ಬಗೆ ಯಾವುದು? ಕಠಿಣ ಶಿಕ್ಷೆಯೊಂದೇ ದಾರಿ ಎನ್ನುವವರು ಕೆಲವರು. ನಿಷೇಧವನ್ನು ತೆಗೆದು, ಮಾರಾಟವನ್ನು ಸರ್ಕಾರವೇ ಹತೋಟಿಯಲ್ಲಿಟ್ಟುಕೊಳ್ಳಲಿ ಎನ್ನುವವರು ಮತ್ತೆ ಕೆಲವರು. ಇತಿಹಾಸವು ಇಬ್ಬರನ್ನೂ ಎಚ್ಚರಿಸುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಅಫೀಮು ಪರವಾನಗಿ ಪಡೆದ ಅಂಗಡಿಗಳಲ್ಲಿ ಬಿಕರಿಯಾಗುತ್ತಿತ್ತು. ಬೊಕ್ಕಸ ತುಂಬಿತು, ವ್ಯಸನ ಅಳಿಯಲಿಲ್ಲ. ಅಮೆರಿಕವು 1920ರಿಂದ 1933ರವರೆಗೆ ಮದ್ಯವನ್ನು ನಿಷೇಧಿಸಿತು. ಕಳ್ಳಸಾಗಣೆಯೂ ಪಾತಕಿಗಳ ಕೂಟಗಳೂ ಬೆಳೆದವು.

ಪೋರ್ಚುಗಲ್ ದೇಶವು 2001ರಲ್ಲಿ ನಡುದಾರಿಯೊಂದನ್ನು ಹಿಡಿಯಿತು. ಅಲ್ಲಿ ಮಾರುವುದು ಅಪರಾಧವಾಗಿಯೇ ಉಳಿಯಿತು. ಆದರೆ ಸ್ವಂತ ಬಳಕೆಗೆಂದು ಅಲ್ಪ ಪ್ರಮಾಣವನ್ನು ಇಟ್ಟುಕೊಂಡವನನ್ನು ಸೆರೆಮನೆಗೆ ತಳ್ಳದೆ, ತಜ್ಞರ ಸಮಿತಿಯ ಮುಂದೆ ಕಳುಹಿಸುತ್ತಾರೆ. ನಮ್ಮ ದೇಶದ 1985ರ ಕಾಯಿದೆ ಬಹು ಕಠಿಣವಾದುದು. ಆದರೂ ಅದರ 64-ಎ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದು, ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಪಾರಾಗಬಹುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಇದು ತಿಳಿದಿರಲಿಲ್ಲ. ಪೊಲೀಸರ ಭಯದಿಂದಲೂ ನೆರೆಹೊರೆಯವರ ಮಾತಿಗೆ ಅಂಜಿಯೂ ಅವರು ಮಗನ ಚಟವನ್ನು ಎರಡು ವರ್ಷ ಮುಚ್ಚಿಟ್ಟರು. ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಹುಡುಗನ ಓದು ನಿಂತಿತ್ತು, ಆರೋಗ್ಯ ಕುಸಿದಿತ್ತು.

ವಿಷವನ್ನು ಮಾರಿ ಹಣ ಗಳಿಸುವವನಿಗೆ ಕಾನೂನು ದಯೆ ತೋರಬೇಕಾಗಿಲ್ಲ. ಆದರೆ ವ್ಯಸನಿಯು ರೋಗಿ. ರೋಗಿಯನ್ನು ಹೆದರಿಸಿದರೆ ರೋಗ ವಾಸಿಯಾಗದು; ಅದು ಕತ್ತಲೆಯಲ್ಲಿ ಅಡಗಿ ಬೆಳೆಯುತ್ತದೆ. ಕಾನೂನಿನಲ್ಲಿ ಬಾಗಿಲಿದ್ದರೆ ಸಾಲದು. ಅದು ಇದೆಯೆಂಬುದು ಪ್ರತಿಯೊಂದು ಮನೆಗೂ ತಿಳಿದಿರಬೇಕು.